ಹೊಟ್ಟು ತುಂಬಿದ ಪ್ಯಾಡು

ಪಂದ್ಯದ ಹಿಂದಿನ ದಿನ, ಭಾನುವಾರ, ಅಕ್ಕ ಕಾಫಿ ಕಣದಲ್ಲಿ ಕೂತು ಗೋಲ್‌ಕೀಪರ್ ಪ್ಯಾಡು ಹೊಲಿಯುತ್ತಿದ್ದಳು. ಕೊಯ್ಲಿಗೆ ಇನ್ನೂ ದಿನವಿತ್ತು, ಕಣ ಖಾಲಿ. ಗೋಣಿಚೀಲ ಕತ್ತರಿಸಿ, ಒಳಗೆ ಕಾಫಿ ಹೊಟ್ಟು ಒತ್ತಿ ತುಂಬಿ, ದಬ್ಬಣದಿಂದ ಹೊಲಿಗೆ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಹೊಟ್ಟಿಗೇನೂ ಬರವಿರಲಿಲ್ಲ. ಬೆಳಿಗ್ಗೆ ಅದೇ ಕಣದ ಸಿಮೆಂಟಿನ ಮೇಲೆ ನಾವಿಬ್ಬರೂ ಆಡುವಾಗ ಬಿದ್ದು ಅವಳ ಎಡಮಂಡಿ ಊದಿತ್ತು.

“ಯಾರಿಗೂ ಹೇಳ್ಬೇಡ ಕಣೇ. ಗೊತ್ತಾದ್ರೆ ನನ್ನ ಹೊರಗೆ ಕೂರಿಸ್ತಾರೆ.”

“ನಂಗ್ಯಾಕೆ? ನಾಳೆ ನೀನು ನಂಗೆ ಎದುರಾಳಿ.”

“ಬಾಲ್ ನಿಲ್ಸಕ್ಕೇ ಬರಲ್ಲ, ಎದುರಾಳಿಯಂತೆ!”

ಮೂಡಿಗೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ಅವಳು ಆ ಊರಿನ ತಂಡಕ್ಕೆ, ನಾನು ನಮ್ಮ ಬಣಕಲ್ ತಂಡಕ್ಕೆ. ತೊಂಬತ್ತರ ದಶಕದ ಕೊನೆಯ ಆ ವರ್ಷ, ಹುಡುಗಿಯರ ಜೂನಿಯರ್ ಹಾಕಿ ಲೀಗಿನಲ್ಲಿ ಅಲ್ಲಿಯವರೆಗೆ ಯಾರೂ ಅವಳಿಗೆ ಗೋಲು ಹೊಡೆದಿರಲಿಲ್ಲ. ಊಟಕ್ಕೆ ಕೂತರೆ ಅಪ್ಪನಿಗೆ ಅದೇ ಮಾತು. ಅವಳು ಸೋಲಬೇಕು ಎಂಬುದೊಂದೇ ನನಗೆ ಬೇಕಿತ್ತು.

ಸೋಮವಾರ ಮೈದಾನಕ್ಕಿಳಿಯುವ ಮುಂಚೆ ನಮ್ಮ ನಾಯಕಿಗೆ ಹೇಳಿದೆ: “ಅವಳ ಎಡಕ್ಕೆ ಹೊಡೀರೇ. ಆ ಕಾಲು ಮಡಚಕ್ಕಾಗಲ್ಲ ಅವಳಿಗೆ.”

ಮೂರು ಗೋಲೂ ಎಡಕ್ಕೇ ಆದವು. ನಾಲ್ಕನೆಯ ಹೊಡೆತಕ್ಕೆ ಎಡಗಾಲಿನ ಪ್ಯಾಡು ಹರಿದು ಹೊಟ್ಟೆಲ್ಲ ಚೆಲ್ಲಿತು. ಅಕ್ಕ ಬಗ್ಗಿ ಅದನ್ನು ಬಾಚಿಕೊಳ್ಳತೊಡಗಿದಳು.

“ಎಸ್ಟೇಟ್ ಕೋಳಿ ಕೆದರ್ತಿದೆ ನೋಡ್ರೋ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ತಲೆಯೆತ್ತಿ ನನ್ನೊಬ್ಬಳನ್ನೇ ನೋಡಿದಳು.

ಆಟ ಮುಗಿದ ಮೇಲೆ ಕೇಳಿದಳು: “ನೀನೇ ಹೇಳಿದ್ದು ಅಲ್ವಾ?”

“ನಾನ್ಯಾಕೆ ಹೇಳ್ಲಿ?”

ಹರಿದ ಪ್ಯಾಡನ್ನು ಕಿತ್ತು ನನ್ನ ಕಾಲ ಬಳಿ ಎಸೆದಳು. ಇನ್ನೊಂದನ್ನು ಕಂಕುಳಲ್ಲಿಟ್ಟುಕೊಂಡು ಕುಂಟುತ್ತ ಹೋದಳು. ನಾನು ಅದನ್ನು ಎತ್ತಿಕೊಳ್ಳಲಿಲ್ಲ.

ಲೀಗಿನ ಉಳಿದ ಪಂದ್ಯಗಳಿಗೆಲ್ಲ ಅವಳನ್ನು ಹೊರಗೇ ಕೂರಿಸಿದರು. ಮನೆಗೆ ಬಂದರೆ ಮಾತೆಲ್ಲ ಅಮ್ಮನ ಮೂಲಕ. “ಅಮ್ಮ, ಅವಳಿಗೆ ಹೇಳು, ನನ್ನ ಟವೆಲ್ ಮುಟ್ಬಾರ್ದು ಅಂತ.” ನಾನೂ ಅಮ್ಮನ ಕೈಲೇ ಬೈಗುಳ ಹೇಳಿ ಕಳಿಸುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಪಕ್ಕದಲ್ಲೇ ಕೂತಿದ್ದೆ. ಹೇಳಿದ್ದು ನಾನೇ ಎಂದು ಒಪ್ಪಿಕೊಳ್ಳಬೇಕಿತ್ತು. ಒಮ್ಮೆ ಅವಳು ಕಣ್ಣು ಬಿಟ್ಟಾಗ “ಅಕ್ಕಾ” ಎಂದೆ. “ಅಮ್ಮ, ನೀರು” ಎಂದಳು. ಕುಡಿಸಿದ್ದು ನಾನೇ. ಆದರೆ ಹೇಳಲಿಲ್ಲ. ಹತ್ತನೆಯ ದಿನ ಅವಳು ಹೋದಳು.

ತಿಥಿ ಮುಗಿದ ಮೇಲೆ ಆ ಮೈದಾನಕ್ಕೆ ಹೋಗಿ ಗೋಲಿನ ಹಿಂದೆ, ಚರಂಡಿಯಲ್ಲಿ, ಬೇಲಿಯ ಬುಡದಲ್ಲಿ ಹುಡುಕಿದೆ. ಬಲಗಾಲಿನ ಪ್ಯಾಡು ನಮ್ಮ ಅಟ್ಟದಲ್ಲಿದೆ. ಎಡಗಾಲಿನದು ಇಲ್ಲ.