ಮೊಗ್ಗು ಮುಗಿಯುವವರೆಗೆ ನಿಂತ ಬಸ್ಸು

ಆ ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಕಲ್ಲಿನ ಗೋಡೆ, ಗೋಡೆಯ ತುಂಬ ಬಿಳಿ ಹೂವಿನ ಬಳ್ಳಿ. ಬಸ್ಸು ಬಂದು ನಿಂತು ಹೊಗೆ ಬಿಟ್ಟಾಗ ಹೂವಿನ ಘಮ, ಡೀಸೆಲ್ ಎರಡೂ ಒಟ್ಟಿಗೇ ಮೂಗಿಗೆ ಹೊಡೆದವು. ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು ನಿಂತುಬಿಟ್ಟೆ. ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಮಲ್ಲಿಗೆಯಲ್ಲ. ಎಲೆ ದಪ್ಪ, ಎಸಳು ಫ್ಯಾನಿನ ರೆಕ್ಕೆಯ ಹಾಗೆ ತಿರುಚಿದ್ದು, ಕಿತ್ತರೆ ಬೆರಳಿಗೆ ಹಾಲು ಅಂಟುತ್ತದೆ. ಅಂಥದ್ದನ್ನು ನಮ್ಮಲ್ಲಿ ಯಾರೂ ಮುಡಿಯುವುದಿಲ್ಲ. ಆದರೂ ಡೀಸೆಲ್ ಜೊತೆ ಸೇರಿ ಅದು ನನಗೆ ಮೋಸ ಮಾಡಿತು. ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ, ನಮ್ಮ ಮನೆಯ ಗೇಟಿನೆದುರು ಬೆಳಗಿನ ಬಸ್ಸು ನಿಂತಾಗ ಬರುತ್ತಿದ್ದ ವಾಸನೆ ಅದೇ. ಆ ಗೇಟು ಈಗ ಇಲ್ಲ. ಮಾಂಯ್, ಎಂದರೆ ನಮ್ಮ ತಾಯಿ, ಹೋದ ಮೇಲೆ ಜಾಗ ಮಾರಾಟವಾಯಿತು. ಮಲ್ಲಿಗೆ ಗಿಡಗಳಿದ್ದಲ್ಲಿ ಈಗ ಮದುವೆ ಮಂಟಪದ ಕಾರುಗಳು ನಿಲ್ಲುತ್ತವೆ. ನೀವು ಹುಟ್ಟಿದ ಮನೆಯ ಮೇಲೂ ಯಾರದ್ದಾದರೂ ಕಾರು ನಿಂತಿದ್ದರೆ ನಾನು ಹೇಳುವುದು ನಿಮಗೆ ಅರ್ಥವಾದೀತು.

ಇಟಲಿಯ ಒಂದು ಸರೋವರದ ಬದಿಯಲ್ಲಿರುವ ಆ ಊರಿಗೆ ನಾನು ಹೋದದ್ದು ಒಂದೇ ಕೆಲಸಕ್ಕೆ, ಸೆವ್ರಿನ್ ಅಕ್ಕನನ್ನು ಊರಿಗೆ ಕರೆದುಕೊಂಡು ಬರಲಿಕ್ಕೆ. ಸರೋವರ ನೋಡಲು ಅಷ್ಟು ದೂರ ಹೋಗುವ ಹೆಂಗಸು ನಾನಲ್ಲ, ಮಲ್ಪೆಯ ಕಡಲಲ್ಲಿ ಅದಕ್ಕಿಂತ ಹೆಚ್ಚು ನೀರಿದೆ. ಅಕ್ಕ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು. ಮದುವೆಯಾಗಲಿಲ್ಲ. ಕೆಲಸ ಬಿಟ್ಟ ಮೇಲೆ ಗುಡ್ಡದ ಮೇಲಿನ ಒಂದು ಮನೆಯಲ್ಲಿ ಒಬ್ಬಳೇ ಇದ್ದಳು. ಹೋದ ಚಳಿಗಾಲದಲ್ಲಿ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳು. ಅದು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಿಕ್ಕಾಗಲಿಲ್ಲ. ಕಲ್ಯಾಣಪುರದ ನನ್ನ ಮನೆಯಲ್ಲಿ ಅವಳಿಗೆಂದು ಒಂದು ಕೋಣೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಆಮೇಲೆ ವಿಮಾನ ಹತ್ತಿದೆ. ಹೋಗಿ ನೋಡಿದರೆ ಅವಳೂ ಮನೆಯಲ್ಲಿ ಕೂರುವವಳಲ್ಲ. ಬೆಳಿಗ್ಗೆ ಕಾಫಿ ಕುಡಿದ ಲೋಟ ತೊಳೆಯುವ ಮೊದಲೇ "ನಡಿ, ಬಸ್ ಬರ್ತದೆ" ಎಂದು ಹೊರಡುತ್ತಿದ್ದಳು. ಎಲ್ಲಿಗೆ ಎಂದರೆ ಎಲ್ಲಿಗೂ ಅಲ್ಲ. ಈ ದಡದ ಊರಿಂದ ಆ ದಡದ ಊರಿಗೆ, ಅಲ್ಲಿ ಇಳಿದು ಒಂದು ಬೆಂಚಿನಲ್ಲಿ ಸ್ವಲ್ಪ ಹೊತ್ತು, ಮತ್ತೆ ಇನ್ನೊಂದು ಬಸ್ಸು. ನಾನು ಊರಿನ ಮಾತು ತೆಗೆದರೆ ಸಾಕು, ಅವಳಿಗೆ ಇಳಿಯುವ ಜಾಗ ಬರುತ್ತಿತ್ತು.

ಅಲ್ಲಿಯ ಬಸ್ಸಿಗೆ ಕಂಡಕ್ಟರ್ ಇಲ್ಲ. ಬೀಡಿ ಸಿಗರೇಟಿನ ಅಂಗಡಿಯಲ್ಲಿ ಟಿಕೆಟ್ ತೆಗೆದುಕೊಂಡು, ಹತ್ತಿದ ಮೇಲೆ ಒಂದು ಪೆಟ್ಟಿಗೆಯ ಬಾಯಿಗೆ ಕೊಡಬೇಕು. ಮೊದಲ ದಿನ ನಾನು ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಹಿಂದೆ ನೋಡುತ್ತಾ ಕೂತಿದ್ದೆ. "ನಿನ್ನ ಕಂಡಕ್ಟರ್ ಶೇಖರಣ್ಣ ಇಲ್ಲಿ ಬರುವುದಿಲ್ಲ ಮಾರಾಯ್ತಿ, ಕುತ್ತಿಗೆ ಉಳುಕೀತು" ಎಂದು ಅಕ್ಕ ನಕ್ಕಳು. ಇಳಿಯುವಾಗ ಕೆಂಪು ಗುಂಡಿ ಒತ್ತಬೇಕು. ರಸ್ತೆ ಸಪೂರ, ಒಂದು ಬದಿಯಲ್ಲಿ ಗೋಡೆ, ಇನ್ನೊಂದು ಬದಿಯಲ್ಲಿ ನೀರು. ತಿರುವಿನಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಅದೊಂದು ಮಾತ್ರ ನಮ್ಮ ಕಡೆಯ ಹಾಗೆ. ಒಂದು ದಿನ ಅಕ್ಕ ಕೋಲು ಊರಿಕೊಂಡು ಇಳಿಜಾರಿನಲ್ಲಿ ಬರುತ್ತಿರುವಾಗಲೇ ಬಸ್ಸು ಬಂತು. ನಾನು ಓಡಿಹೋಗಿ ಒಂದು ಕಾಲು ಬಸ್ಸಿನ ಮೆಟ್ಟಿಲಿನಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟು, ಕಂಬಿ ಹಿಡಿದು "ಹೋಲ್ಡಾನ್! ಹೋಲ್ಡಾನ್!" ಎಂದು, ನಮ್ಮ ಕಡೆ ಬಸ್ಸು ನಿಲ್ಲಿಸಲು ಕೂಗುವ ಹಾಗೆ, ಬೊಬ್ಬೆ ಹಾಕಿದೆ. ಬಾಗಿಲು ತನ್ನಷ್ಟಕ್ಕೆ ಮುಚ್ಚಲು ಬಂದು, ನನ್ನ ಮೊಣಕಾಲಿಗೆ ತಾಗಿ, ಮತ್ತೆ ತೆರೆಯಿತು. ಡ್ರೈವರ್ ಎರಡೂ ಕೈ ಎತ್ತಿ ಏನೇನೋ ಹೇಳಿದ. ಬೈಗುಳವೇ ಇರಬೇಕು, ಭಾಷೆ ಬಾರದಿದ್ದರೂ ಅದು ಗೊತ್ತಾಗುತ್ತದೆ. ಅಕ್ಕ ಬಂದು ಅವನ ಭಾಷೆಯಲ್ಲೇ ಏನೋ ತಿರುಗಿ ಹೇಳಿದಳು, ಹಿಂದೆ ಕೂತವರೆಲ್ಲ ನಕ್ಕರು.

ಆದರೆ ಬಸ್ಸು ಹಿಡಿದು ನಿಲ್ಲಿಸುವ ಕೆಲಸ ಮೊದಲಿನಿಂದಲೂ ನನ್ನದೇ. ಚಿಕ್ಕಂದಿನಲ್ಲಿ ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳು, ಎಲ್ಲರಿಗಿಂತ ಜೋರು ಓಡುವವಳು ನಾನು. ಕಾಪುವಿನಿಂದ ಕಾರ್ಕಳಕ್ಕೆ ಹೋಗುವ ಬೆಳಗಿನ ಸರ್ವಿಸ್ ಬಸ್ಸಿನ ಹಾರ್ನ್ ದೂರದ ತಿರುವಿನಲ್ಲಿ ಕೇಳಿದ ಕೂಡಲೇ ನಾನು ಗೇಟಿಗೆ ಓಡಿ, ಬಸ್ಸು ನಿಂತರೆ ಒಂದು ಕಾಲನ್ನು ಮೆಟ್ಟಿಲಿನ ಮೇಲೆ ಇಟ್ಟು ನಿಲ್ಲಬೇಕು. ಮಗುವಿನ ಕಾಲು ಮೆಟ್ಟಿಲಲ್ಲಿರುವಾಗ ಯಾವ ಡ್ರೈವರನೂ ಬಸ್ಸು ಬಿಡುವುದಿಲ್ಲ. ಅಷ್ಟರಲ್ಲಿ ಮಾಂಯ್ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಕಟ್ಟು ತಂದು ಕಂಡಕ್ಟರ್ ಶೇಖರಣ್ಣನ ಕೈಗೆ ಕೊಡುವಳು. ಅವನು ಅದನ್ನು ಕಾರ್ಕಳದ ಹೂವಿನಂಗಡಿಗೆ ಮುಟ್ಟಿಸುವನು. ನಮ್ಮ ಅಪ್ಪ ಮುಂಬಯಿಯಲ್ಲಿ ಹೋಟೆಲಿನ ಅಡಿಗೆಯವ, ವರ್ಷಕ್ಕೊಮ್ಮೆ ಬರುವವ. ಮನೆ ನಡೆಯುತ್ತಿದ್ದದ್ದು ಮಲ್ಲಿಗೆಯಿಂದ. ಇನ್ನೂ ಬೆಳಕು ಹರಿಯುವ ಮೊದಲೇ ಕೊಯ್ಯಬೇಕು, ಬಿಸಿಲು ತಾಗಿದರೆ ಮೊಗ್ಗು ಬಿರಿಯುತ್ತದೆ, ಬಿರಿದ ಹೂವನ್ನು ಅಂಗಡಿಯವರು ಮುಟ್ಟುವುದಿಲ್ಲ. ಒದ್ದೆ ಗಿಡಗಳ ನಡುವೆ ಬಗ್ಗಿ ಬಗ್ಗಿ ಸೊಂಟ ಬಿಗಿಯುತ್ತಿತ್ತು, ಲಂಗದ ಅಂಚು ಮಣ್ಣಾಗುತ್ತಿತ್ತು. ಆಮೇಲೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುವುದು. ಸೆವ್ರಿನ್ ಅಕ್ಕ ಕಟ್ಟಿದರೆ ಮೊಗ್ಗುಗಳು ಅಕ್ಕಿಕಾಳು ಜೋಡಿಸಿದ ಹಾಗೆ ಬರುತ್ತಿದ್ದವು. ಮಾಂಯ್ ಯಾರನ್ನೂ ಹೊಗಳಿದವಳಲ್ಲ, ಅವಳ ಕಟ್ಟನ್ನು ಮಾತ್ರ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗಿಡದಲ್ಲಿ ಮೊಗ್ಗು ಉಳಿದಿರುವಾಗ ಯಾರೂ ಗೇಟು ದಾಟಬಾರದು. ಶಾಲೆಗಾದರೂ ಸೈ, ಚರ್ಚಿನ ಪೂಜೆಗಾದರೂ ಸೈ. ನನ್ನ ಶಾಲೆ ಬೇಗ ನಿಂತದ್ದು ಹಾಗೆಯೇ.

ಅಕ್ಕನಿಗೆ ನರ್ಸ್ ಆಗಬೇಕೆಂದು ಆಸೆ ಹುಟ್ಟಿತು. ಅಪ್ಪ ರಜೆಯಲ್ಲಿ ಬಂದಾಗ ಆಯಿತು ಎಂದು ಹೇಳಿ ಹೋಗಿದ್ದ. ಮಾಂಯ್ ಆಯಿತು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಾರ್ಕಳದಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಕೆಲವು ಹುಡುಗಿಯರನ್ನು ಕೂಡಿಸಿಕೊಂಡು ಘಟ್ಟದ ಮೇಲಿನ ತಮ್ಮ ಆಸ್ಪತ್ರೆಗೆ ಹೊರಡುವವರಿದ್ದರು. ಬೆಳಗಿನ ಬಸ್ಸು ತಪ್ಪಿದರೆ ಅವರು ಸಿಗುವುದಿಲ್ಲ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇ ತಿಂಗಳು, ಮದುವೆಗಳ ಕಾಲ, ಗಿಡಗಳಲ್ಲಿ ಎಲೆಗಿಂತ ಮೊಗ್ಗು ಹೆಚ್ಚು. ಮಾಂಯ್ ಆ ಬೆಳಿಗ್ಗೆ ತಲೆನೋವು ಎಂದು ಹೇಳಿ ತಡವಾಗಿ ಎದ್ದಳು, ಕೊಯ್ಲೂ ತಡವಾಯಿತು. ಅಕ್ಕ ಒಳ್ಳೆಯ ಸೀರೆ ಉಟ್ಟು ಪೆಟ್ಟಿಗೆಯನ್ನು ಬಾಗಿಲಿಗೆ ತಂದಾಗ, "ಹೋಗು, ನಾನು ಹಿಡಿದಿದ್ದೇನಾ? ಮೊಗ್ಗು ಮುಗಿಸಿ ಹೋಗು" ಎಂದಳು. ಅಕ್ಕ ಸೀರೆಯನ್ನು ಎತ್ತಿ ಸಿಕ್ಕಿಸಿ ಗಿಡಗಳ ನಡುವೆ ಇಳಿದಳು. ಕೊಯ್ಯುತ್ತಾ ಕೊಯ್ಯುತ್ತಾ ರಸ್ತೆಯ ತಿರುವಿನ ಕಡೆ ನೋಡುತ್ತಿದ್ದಳು.

ಬಸ್ಸು ಬಂತು. ನಾನು ಕಾಲಿಟ್ಟು ನಿಂತೆ. "ಹೂ ಎಲ್ಲಿ?" ಎಂದ ಶೇಖರಣ್ಣ. "ಹೂ ಆಗಲಿಲ್ಲ. ಅಕ್ಕ ನರ್ಸಿಗೆ ಹೋಗುವವಳು, ಮೊಗ್ಗು ಮುಗಿಯದೆ ಬಿಡುವುದಿಲ್ಲಂತೆ" ಎಂದೆ. ಅವನು ಕತ್ತು ಉದ್ದ ಮಾಡಿ ತೋಟ ನೋಡಿದ. ಬಿಸಿಲು ತೆಂಗಿನ ತಲೆಯಿಂದ ಕೆಳಗೆ ಇಳಿಯುತ್ತಿತ್ತು. "ಇದು ಇವತ್ತು ಮುಗಿಯುವ ಕೇಸಲ್ಲ" ಎಂದವನೇ ಬಸ್ಸಿನೊಳಗೆ ತಲೆ ಹಾಕಿ, "ಕೈ ಇದ್ದವರೆಲ್ಲ ಇಳಿಯಿರಿ! ಹೂ ಕೊಯ್ಯದೆ ಬಸ್ಸು ಹೋಗುವುದಿಲ್ಲ" ಎಂದು ಕೂಗಿದ. ಬೈದುಕೊಂಡೇ ಇಳಿದರು ಜನ. ಶಿರ್ವದ ಸಂತೆಗೆ ಹೊರಟ ಹೆಂಗಸರು, ಒಬ್ಬ ಮೇಷ್ಟ್ರು, ಮದುವೆಗೆ ಹೊರಟ ಒಂದು ಸಂಸಾರ. ಕಾಪುವಿನ ಮೀನಿನ ಹೆಂಗಸು ಮಾತ್ರ ಗೇಟಿನಲ್ಲೇ ನಿಂತಳು. "ನಾನು ಮುಟ್ಟಿದರೆ ಮದುಮಗಳ ತಲೆ ಬಂಗುಡೆ ನಾರ್ತದೆ. ನಾನು ಇಲ್ಲಿಂದಲೇ ಹೇಳ್ತೇನೆ. ಓ ಮೇಷ್ಟ್ರೇ, ನಿಮ್ಮ ಎಡಕ್ಕೆ ಉಂಟು! ಕನ್ನಡಕ ಎಂತಕ್ಕೆ ಮತ್ತೆ?" ಮೇಷ್ಟ್ರು ಬುಟ್ಟಿಯಿಲ್ಲದೆ ತಮ್ಮ ಟೋಪಿಯಲ್ಲಿ ಮೊಗ್ಗು ತುಂಬಿಸುತ್ತಿದ್ದರು. ಮಾಂಯ್ ಜಗಲಿಯ ಕಂಬ ಹಿಡಿದು ನೋಡುತ್ತಾ ನಿಂತಳು. ಅವಳು ಕೂಗಿ ಎಲ್ಲರನ್ನೂ ಓಡಿಸುತ್ತಾಳೆಂದು ನಾನು ಕಾದೆ. ಅವಳು ತೋಟಕ್ಕೆ ಇಳಿದು ಬಂದು, "ಬಿರಿದದ್ದು ಬೇಡ. ಕೆಳಗಿನ ಕೊಂಬೆ ಬಿಟ್ಟಿದ್ದೀರಿ, ಬಗ್ಗಿ ನೋಡಿ" ಎಂದಳು. ಅವಳಿಗೆ ಕೆಲಸ ಕೆಡುವುದನ್ನು ನೋಡಲಿಕ್ಕಾಗುತ್ತಿರಲಿಲ್ಲ. ತನ್ನ ಮಗಳನ್ನು ಕಳಿಸುವ ಕೆಲಸವನ್ನೂ ಹಾಗೆ ನಿಂತು ಸರಿಮಾಡಿದಳು.

ಗಿಡಗಳು ಬರೀ ಹಸಿರಾದವು. ಕಟ್ಟದ ಮೊಗ್ಗುಗಳನ್ನು ಬಾಳೆಲೆಯಲ್ಲಿ ಸುರಿದುಕೊಂಡು ಹೆಂಗಸರು ಬಸ್ಸಿನಲ್ಲೇ ಕಟ್ಟಿದರಂತೆ, ಬೆಳ್ಮಣ್ಣು ದಾಟುವಷ್ಟರಲ್ಲಿ ಮುಗಿಯಿತಂತೆ. ಅಕ್ಕ ಹತ್ತುವಾಗ "ಮಾಂಯ್, ಬರ್ತೇನೆ" ಎಂದಳು. ಮಾಂಯ್ ಗೇಟಿನವರೆಗೆ ಬರಲಿಲ್ಲ. ನಾನು ಕಾಲು ತೆಗೆದೆ, ಶೇಖರಣ್ಣ "ರೈಟ್ ಪೋಯಿ" ಎಂದು ಬಸ್ಸು ಹೊರಡಿಸಿದ. ಅಕ್ಕ ಸಿಸ್ಟರ್‌ಗಳಿಗೆ ಸಿಕ್ಕಿದಳು, ಕಲಿತಳು, ಅಲ್ಲಿಂದ ಸಮುದ್ರ ದಾಟಿದಳು. ಬರುತ್ತಿದ್ದಳು, ಹೋಗುತ್ತಿದ್ದಳು. ನೆಂಟರ ಹಾಗೆ ಬರುವುದನ್ನು ಬರುವುದು ಎಂದು ನಾನು ಲೆಕ್ಕ ಹಿಡಿಯುವುದಿಲ್ಲ.

ನಾನು ಹೊರಡುವ ದಿನ ಹತ್ತಿರ ಬಂದಾಗ ಬಸ್ಸಿನಲ್ಲೇ ನೇರ ಕೇಳಿದೆ. "ಬರ್ತೀಯಾ, ಇಲ್ವಾ?" ಅಕ್ಕ ಕಿಟಕಿಯ ಆಚೆ ನೀರು ನೋಡುತ್ತಾ, "ಅಲ್ಲಿ ನನಗೆ ಎಂತ ಉಂಟು?" ಎಂದಳು. "ನಾನು ಇಲ್ವಾ?" ಎಂದೆ. "ನೀನು ಎಷ್ಟು ದಿನ ಚೆಡ್ವಾ?" ಎಂದಳು. ಹುಡುಗಿ ಎಂದು ನನ್ನನ್ನು ಕೊಂಕಣಿಯಲ್ಲಿ ಕರೆಯುವವರು ಬೇರೆ ಯಾರೂ ಉಳಿದಿಲ್ಲ. ಎರಡು ತಿರುವು ಕಳೆಯಿತು. ಆಮೇಲೆ, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದಳು. "ಬಸ್ ಹೋದ ಮೇಲೆ ಆ ದಿನ ಮಾಂಯ್ ಎಂತ ಮಾಡಿದಳು?" ನಾನು ಇದ್ದದ್ದನ್ನು ಹೇಳಿದೆ. ಉರಿ ಮಧ್ಯಾಹ್ನ ಬಾವಿಯಿಂದ ನೀರು ಸೇದಿ ಸೇದಿ ಇಡೀ ತೋಟಕ್ಕೆ ಹಾಕಿದಳು, ನಡು ಬಿಸಿಲಿಗೆ ಯಾರೂ ಗಿಡಕ್ಕೆ ನೀರು ಹಾಕುವುದಿಲ್ಲ, ನಾನು ಊಟಕ್ಕೆ ಕರೆದರೂ ಬರಲಿಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಕ್ಕ ಕೇಳಿಸಿಕೊಂಡಳು. "ಗಿಡ ಸತ್ತಿತಾ?" ಎಂದಳು. "ಇಲ್ಲ, ಬದುಕಿತು." "ಹಾಗಾದರೆ ಸರಿ" ಎಂದು ಕೆಂಪು ಗುಂಡಿ ಒತ್ತಿದಳು. ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಕೊನೆಯ ಬೆಳಿಗ್ಗೆ ಅವಳು ನನ್ನೊಟ್ಟಿಗೆ ಬಸ್ಸು ಹತ್ತಿದಳು. ನಾನು ರೈಲು ನಿಲ್ದಾಣದವರೆಗೆ, ಅಲ್ಲಿ ಅವಳ ಗುರುತಿನ ಶಿರ್ವದ ಒಬ್ಬ ನರ್ಸ್ ನನ್ನನ್ನು ವಿಮಾನಕ್ಕೆ ಮುಟ್ಟಿಸಲು ನಿಂತಿದ್ದಳು. ಅಕ್ಕ ಪೇಟೆಯಲ್ಲೇ ಇಳಿಯುವವಳು, ಮೀನು ಒಳ್ಳೆಯದು ಬೇಗ ಖಾಲಿಯಾಗುತ್ತದೆ ಎಂದಳು. ಇಳಿಯುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು. ಕೋಲು ಊರಿಕೊಂಡು ಜನರ ನಡುವೆ ನಡೆದಳು, ತಿರುಗಿ ನೋಡಲಿಲ್ಲ. ಮಾಂಯ್ ಹೇಗೆ ನಡೆಯುತ್ತಿದ್ದಳು, ಹೇಗೆ ಸಿಟ್ಟು ಮಾಡುತ್ತಿದ್ದಳು, ಜಗಲಿಯಲ್ಲಿ ಯಾವ ಕಡೆ ಕೂತು ಹೂ ಕಟ್ಟುತ್ತಿದ್ದಳು ಎಂದು ಬಲ್ಲವರು ಲೋಕದಲ್ಲಿ ಈಗ ಉಳಿದದ್ದು ನಾವಿಬ್ಬರೇ. ಬಸ್ಸು ಹೊರಟಿತು. ಮುಂದಿನ ನಿಲ್ದಾಣದಲ್ಲಿ ಹತ್ತಿದ ಒಬ್ಬಳು ಹೆಂಗಸು ನನ್ನ ಪಕ್ಕದ ಖಾಲಿ ಸೀಟನ್ನು ತೋರಿಸಿ ಏನೋ ಕೇಳಿದಳು. ಯಾರಾದರೂ ಇದ್ದಾರೆಯೇ ಎಂದಿರಬೇಕು. ನಾನು ಇಲ್ಲ ಎಂದು ತಲೆಯಾಡಿಸಿ, ಚೀಲವನ್ನು ಮಡಿಲಿಗೆ ಎಳೆದುಕೊಂಡೆ.