ಅಜ್ಜಿಯ ಲ್ಯಾಟಿನ್, ಮೊಮ್ಮಗಳ ಲ್ಯಾಟಿನ್

ಕಳೆದ ಮಂಗಳವಾರ ನಮ್ಮ ಅಡುಗೆಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಜಗಳ ಆಯಿತು. ಯಾರ ಮನೆಯಲ್ಲಿ ಆಗುವುದಿಲ್ಲ ಅಂತೀರಾ? ಸರಿ. ಆದರೆ ನಮ್ಮ ಮನೆಯಲ್ಲಿ ಜಗಳ ಆದದ್ದು ಲ್ಯಾಟಿನ್‌ನಲ್ಲಿ.

ಹೌದು, ಲ್ಯಾಟಿನ್. ರೋಮ್ ಸಾಮ್ರಾಜ್ಯದ ಜೊತೆಗೇ ಮಣ್ಣಾಯಿತು ಎಂದು ಲೋಕವೆಲ್ಲ ಕೈತೊಳೆದುಕೊಂಡಿರುವ ಲ್ಯಾಟಿನ್. ಒಂದು ಕಡೆ ನನ್ನ ಮಗಳು ತಾರಾ, ವಯಸ್ಸು ಹದಿನೈದು, ಅಮೆರಿಕದ ಷಾರ್ಲೆಟ್‌ನ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಇನ್ನೊಂದು ಕಡೆ ನನ್ನ ಅಮ್ಮ, ವಯಸ್ಸು ಎಪ್ಪತ್ತೊಂಬತ್ತು, ಮೂಡಬಿದ್ರೆ ಹತ್ತಿರದ ಕಾನ್ವೆಂಟಿನಲ್ಲಿ ಏಳನೇ ಕ್ಲಾಸು. ನಾನು ಆಫೀಸಿನಿಂದ ಬಂದು ಗ್ಯಾರೇಜಿನ ಬಾಗಿಲು ತೆಗೆದರೆ ಒಳಗಿನಿಂದ ಕೇಳಿಸುತ್ತಿದೆ:

"ಪಾಕೆಮ್!"

"ಪಾಚೆಮ್!"

"ನೋ ಅಜ್ಜಿ, ಇಟ್ಸ್ ಪಾಕೆಮ್!"

"ಎಂತದು ಪಾಕೆಮ್? ಪಾಚೆಮ್ ಮಾರಾಯ್ತಿ, ಪಾಚೆಮ್!"

ವಿಚಾರಿಸಿದರೆ ಆ ಪದದ ಅರ್ಥ 'ಶಾಂತಿಯನ್ನು'. ಶಾಂತಿಗಾಗಿ ಇಷ್ಟು ಗಲಾಟೆ ವಿಶ್ವಸಂಸ್ಥೆಯಲ್ಲೂ ಆಗಿರಲಿಕ್ಕಿಲ್ಲ.

ನನಗೆ ಮಾತ್ರ ಕಿವಿ ತಂಪಾಯಿತು. ಯಾಕೆ ಅಂತ ಹೇಳುತ್ತೇನೆ.

ಅಮ್ಮ ಬಂದು ಆರು ವಾರವಾಗಿತ್ತು. ಐದು ತಿಂಗಳು ಇರುತ್ತೇನೆ ಎಂದು ಬಂದವಳು ಮೂರನೇ ವಾರಕ್ಕೇ "ನನ್ನ ಟಿಕೆಟ್ ಬೇಗಕ್ಕೆ ಮಾಡಿಸು" ಎಂದು ಶುರು ಮಾಡಿದಳು. ಮಂಗಳೂರಿನಲ್ಲಿ ಅವಳಿಗೆ ಚೌಕಾಸಿ ಮಾಡಲು ಮೀನಿನವಳಿದ್ದಾಳೆ, ದೂರಲು ನನ್ನ ಅಣ್ಣನ ಹೆಂಡತಿ ಇದ್ದಾಳೆ, ಇಗರ್ಜಿಯ ಹೆಂಗಸರ ಸಂಘವಿದೆ. ಇಲ್ಲಿ ನಮ್ಮ ಬ್ಯಾಲಂಟೈನ್ ಬಡಾವಣೆಯ ಬೀದಿಯಲ್ಲಿ ನಾಯಿ ನಡೆಸುವವರನ್ನು ಬಿಟ್ಟರೆ ನರಪಿಳ್ಳೆ ಇಲ್ಲ. ತಾರಾ "ಹಾಯ್ ಅಜ್ಜಿ" ಎಂದು ಮಹಡಿ ಹತ್ತಿದರೆ ಮುಗಿಯಿತು. (ಮಗಳ ಕನ್ನಡ ಅಷ್ಟಕ್ಕಷ್ಟೆ, ಅಮ್ಮನ ಇಂಗ್ಲಿಷ್ ಇನ್ನೂ ಅಷ್ಟಕ್ಕಷ್ಟೆ. ಮನೆಮಾತು ಕೊಂಕಣಿ ತಾರಾಗೆ ದಾಟಲೇ ಇಲ್ಲ. ಗಂಡ ಶ್ರೀಧರ ಮೈಸೂರಿನವನು, ಹಾಗಾಗಿ ನಮ್ಮಲ್ಲಿ ಕನ್ನಡವೇ ಒಪ್ಪಂದದ ಭಾಷೆ.)

"ನಾನು ಇಲ್ಲಿ ನಿಮ್ಮ ಫ್ರಿಜ್ಜಿನ ಹಾಗೆ" ಎಂದಳು ಅಮ್ಮ ಒಂದು ದಿನ. "ಎಲ್ಲರೂ ಬರ್ತೀರಿ, ಬಾಗಿಲು ತೆಗೆದು ನೋಡ್ತೀರಿ, ಹೋಗ್ತೀರಿ."

ನನಗೆ ಅಳು ಬಂತು. ಕೊನೆಗೆ ಏರ್‌ಲೈನ್‌ಗೆ ಫೋನ್ ಮಾಡಿ, ಮುಂದಿನ ವಾರದ ಒಂದು ಸೀಟನ್ನು ಹೋಲ್ಡ್ ಮಾಡಿಸಿದೆ. ಶುಕ್ರವಾರ ಸಂಜೆಯೊಳಗೆ ಕನ್‌ಫರ್ಮ್ ಮಾಡಬೇಕಿತ್ತು. ಅಮ್ಮ ಆಗಲೇ ಸೂಟ್‌ಕೇಸಿನ ತಳಕ್ಕೆ ಚಾಕೊಲೇಟು ಹಾಸಲು ಶುರು ಮಾಡಿದ್ದಳು.

ಅಂಥ ಹೊತ್ತಿನಲ್ಲಿ ಈ ಜಗಳ.

ಆದದ್ದಿಷ್ಟು. ತಾರಾಗೆ ಶುಕ್ರವಾರ ಲ್ಯಾಟಿನ್ ವಾಚನದ ಪರೀಕ್ಷೆ. ಮಹಡಿಯ ವೈಫೈ ಕೈಕೊಟ್ಟಿತೆಂದು ಅಡುಗೆಮನೆಗೆ ಬಂದು ಗಟ್ಟಿಯಾಗಿ ಓದುತ್ತಿದ್ದಳು. ತೊಂಡೆಕಾಯಿ ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತದೆ ತಿದ್ದಿದಳು. ತಾರಾ ಬೆಚ್ಚಿಬಿದ್ದಳು. "ವೇಟ್, ಅಜ್ಜಿ ನೋಸ್ ಲ್ಯಾಟಿನ್?"

ಗೊತ್ತಿಲ್ಲದೆ ಏನು? ಅಮ್ಮನ ಬಾಲ್ಯದಲ್ಲಿ ಇಗರ್ಜಿಯ ಪೂಜೆ ನಡೆಯುತ್ತಿದ್ದದ್ದೇ ಲ್ಯಾಟಿನ್‌ನಲ್ಲಿ. ಒಂಬತ್ತರಿಂದ ಹತ್ತೊಂಬತ್ತರ ತನಕ ಅವಳು ಹಾಡುವವರ ಗುಂಪಿನಲ್ಲಿದ್ದಳು. ಹೇಳಿಕೊಟ್ಟದ್ದು ಕಾನ್ವೆಂಟಿನ ಸಿಸ್ಟರ್, ಕೈಯಲ್ಲಿ ಅಡಿಕೋಲು. ಆ ಸಿಸ್ಟರ್ ಕಲಿತದ್ದು ಇಟಲಿಯ ಪಾದ್ರಿಗಳಿಂದ. ಆಮೇಲೆ ಪೂಜೆ ಕೊಂಕಣಿಗೆ ಬಂತು, ಲ್ಯಾಟಿನ್ ಅಟ್ಟ ಸೇರಿತು. ಅಮ್ಮನ ನಾಲಿಗೆಯಿಂದ ಮಾತ್ರ ಇಳಿಯಲಿಲ್ಲ.

ತಾರಾ ಫೋನಿನಲ್ಲಿ ಹುಡುಕಿದಳು. ಹತ್ತು ನಿಮಿಷದ ನಂತರ ತೀರ್ಪು ಬಂತು. "ಓಕೆ. ಅಜ್ಜಿ ಕರೆಕ್ಟ್. ನಾನೂ ಕರೆಕ್ಟ್."

ಸೀಸರನ ಕಾಲದಲ್ಲಿ 'ಪಾಕೆಮ್'. ಕೆಲವು ಶತಮಾನ ಕಳೆದ ಮೇಲೆ ಇಟಲಿಯ ಕಡೆ 'ಪಾಚೆಮ್'. ಇಬ್ಬರ ನಡುವೆ ಇದ್ದದ್ದು ತಪ್ಪು-ಸರಿ ಅಲ್ಲ, ಬರೀ ಕೆಲವು ನೂರು ವರ್ಷ. (ಅಜ್ಜಿ-ಮೊಮ್ಮಗಳ ನಡುವೆ ಅಷ್ಟು ಅಂತರ ಇದ್ದೇ ಇರುತ್ತದೆ ಬಿಡಿ.)

ಮರುದಿನ ಲಂಚಿನಲ್ಲಿ ಇದನ್ನು ಆಫೀಸಿನಲ್ಲಿ ಹೇಳಿದೆ. ನಮ್ಮ ಬ್ಯಾಂಕಿನ ಐಟಿ ತಂಡದಲ್ಲಿ ಡೊಯಿನಾ ಇದ್ದಾಳೆ, ರೊಮೇನಿಯಾದವಳು. ಫೋರ್ಕ್ ಕೆಳಗಿಟ್ಟು, "ನಮ್ಮಲ್ಲಿ ಶಾಂತಿಗೆ 'ಪಾಚೆ' ಅಂತೀವಿ. ನಿಮ್ಮ ಅಮ್ಮ ಗೆದ್ದರು ಅಂತ ಹೇಳು" ಎಂದಳು. ಇಟಲಿಯವರೂ ಅದನ್ನೇ ಅನ್ನುತ್ತಾರಂತೆ. ಪಕ್ಕದಲ್ಲಿ ಕೂತಿದ್ದ, ಸ್ಪ್ಯಾನಿಷ್ ಆಡುವ ಕೊಲಂಬಿಯಾದವನು ಒಪ್ಪಲಿಲ್ಲ. "ಪಾಸ್!" ಎಂದ. ಫ್ರೆಂಚರು ಪಾಪ ಎಲ್ಲ ಸವೆಸಿ 'ಪೇ' ಎಂದಷ್ಟೇ ಉಳಿಸಿಕೊಂಡಿದ್ದಾರೆ.

ಇವೆಲ್ಲ ಲ್ಯಾಟಿನ್ನಿನ ಹೆಣ್ಣುಮಕ್ಕಳು. ರೊಮಾನ್ಸ್ ಭಾಷೆಗಳು. (ನೀವು ಅಂದುಕೊಂಡ ರೊಮಾನ್ಸ್ ಅಲ್ಲ, ರೋಮ್‌ನವರ ಮಾತು ಅಂತ.) ತಾರಾ ಸ್ಪ್ಯಾನಿಷ್ ಬಿಟ್ಟು ಲ್ಯಾಟಿನ್ ತೆಗೆದುಕೊಂಡದ್ದೂ ಶ್ರೀಧರನ ಲೆಕ್ಕಾಚಾರದಿಂದಲೇ: "ತಾಯಿಯನ್ನು ಕಲಿತರೆ ಐದು ಮಕ್ಕಳು ಫ್ರೀ." ಮೈಸೂರಿನವರು ಪುಕ್ಕಟೆ ಸಿಗುವುದನ್ನು ಬಿಡುತ್ತಾರೆಯೇ?

ಈ ಹೆಣ್ಣುಮಕ್ಕಳು ಹುಟ್ಟಿದ ಕಥೆ ಚೆನ್ನಾಗಿದೆ. ಪಂಡಿತರು ಬರೆದ ಲ್ಯಾಟಿನ್ ಬೇರೆ. ಸಿಪಾಯಿಗಳು, ತರಕಾರಿಯವರು, ಗಾಡಿ ಹೊಡೆಯುವವರು ಆಡಿದ ಲ್ಯಾಟಿನ್ ಬೇರೆ. ಮಕ್ಕಳಾದದ್ದು ಎರಡನೆಯದಕ್ಕೆ. ಕುದುರೆಗೆ ಪಂಡಿತರ ಹತ್ತಿರ ಒಂದು ಗಂಭೀರ ಪದವಿತ್ತು, ಅದು ಮೂಲೆ ಸೇರಿತು. ಬೀದಿಯಲ್ಲಿ ಬಡಕಲು ಕುದುರೆಗೆ ಅನ್ನುತ್ತಿದ್ದ ಪದವೇ ಸ್ಪೇನ್, ಫ್ರಾನ್ಸ್, ಇಟಲಿಗಳ ರಾಜರ ಕುದುರೆಗೂ ಹೆಸರಾಯಿತು. ಸಾಮ್ರಾಜ್ಯ ಬಿದ್ದ ಮೇಲೆ ಊರೂರಿಗೆ ಸಂಪರ್ಕ ತಪ್ಪಿತು, ಒಬ್ಬೊಬ್ಬರು ತಮ್ಮ ಬಾಯಿಗೆ ಬಂದಂತೆ ಆಡಿಕೊಂಡರು. ಮೈಸೂರಿನ 'ಇದೆ'ಗೂ ಮಂಗಳೂರಿನ 'ಉಂಟು'ವಿಗೂ ನಡುವೆ ಸಾವಿರ ವರ್ಷ ಬಸ್ಸೇ ಓಡದಿದ್ದರೆ ಏನಾಗುತ್ತಿತ್ತು, ಯೋಚಿಸಿ. ಶ್ರೀಧರನಿಗೂ ಅಮ್ಮನಿಗೂ ನಡುವೆ ದುಭಾಷಿ ಬೇಕಾಗುತ್ತಿತ್ತು. (ಈಗಲೂ ಒಮ್ಮೊಮ್ಮೆ ಬೇಕಾಗುತ್ತದೆ.)

ಬುಧವಾರ ಮನೆಗೆ ಬಂದರೆ ಅಜ್ಜಿ, ಮೊಮ್ಮಗಳು ಊಟದ ಟೇಬಲ್ಲಿಗೆ ಎದುರುಬದುರು ಕೂತಿದ್ದಾರೆ. ತಾರಾ ಕಷ್ಟ ತೋಡಿಕೊಳ್ಳುತ್ತಿದ್ದಾಳೆ, ಲ್ಯಾಟಿನ್ನಿನಲ್ಲಿ ಪ್ರತಿ ಪದದ ಬಾಲ ಬದಲಾಗುತ್ತದೆ, ನೆನಪಿಡುವುದು ಹೇಗೆ ಎಂದು.

"ವಿಭಕ್ತಿಯಾ?" ಎಂದಳು ಅಮ್ಮ. ಬೆನ್ನು ನೆಟ್ಟಗಾಯಿತು. ಒಂದೇ ಉಸಿರಿನಲ್ಲಿ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ!" ಎಂದು ಒಪ್ಪಿಸಿಬಿಟ್ಟಳು. "ನಮ್ಮದರಲ್ಲಿಯೂ ಉಂಟು. ಇದಕ್ಕೆ ಯಾರಾದರೂ ಅಳ್ತಾರಾ?"

ತಾರಾ ಎರಡನ್ನೂ ಪಕ್ಕಪಕ್ಕ ಬರೆದುಕೊಂಡಳು. ಅಚ್ಚರಿಯೆಂದರೆ, ನಮಗೆ ಇಂದಿಗೂ ಬಾಲವಿದೆ; ಲ್ಯಾಟಿನ್ನಿನ ಹೆಣ್ಣುಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಬಾಲ ಕತ್ತರಿಸಿಕೊಂಡು, ಹೆಸರುಗಳ ಮುಂದೆ ಚಿಕ್ಕಚಿಕ್ಕ ಪದ ಅಂಟಿಸಿಕೊಂಡಿದ್ದಾರೆ. ರೊಮೇನಿಯನ್ ಮಾತ್ರ ಒಂದಿಷ್ಟು ಉಳಿಸಿಕೊಂಡಿದೆ. ಡೊಯಿನಾಳ ತೀರ್ಪನ್ನು ಆಗಲೇ ಹೇಳಿದ್ದೆ; ಇದನ್ನು ಕೇಳಿ ಅಮ್ಮನಿಗೆ ಅವಳ ಮೇಲೆ ಇನ್ನಷ್ಟು ಪ್ರೀತಿ ಬಂತು. "ಒಳ್ಳೆ ಮನೆಯ ಹುಡುಗಿ" ಎಂದಳು.

ಆಮೇಲೆ ತಾರಾ ಒಂದು ಪ್ರಶ್ನೆ ಕೇಳಿದಳು. "ಅಜ್ಜಿ, ನೀವು ಹಾಡೋದಕ್ಕೆ ಮೀನಿಂಗ್ ಏನು?"

ಅಮ್ಮ ತಾರಾಳ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಒಟ್ಟು ಗೊತ್ತುಂಟು, ಕೊಂಕಣಿಯಲ್ಲಿ ಬಂದ ಮೇಲೆ. ಯಾವ ಪದಕ್ಕೆ ಎಂತ ಅರ್ಥ ಅಂತ ಯಾರು ಹೇಳಿದ್ದಾರೆ? ಹಾಡು ಅಂದ್ರು, ಹಾಡಿದೆ."

ಹಾಗೆ ಶುರುವಾಯಿತು ವಹಿವಾಟು. ಅಮ್ಮ ಒಂದು ಸಾಲು ಹಾಡುವುದು, ತಾರಾ ಬರೆದುಕೊಂಡು ಒಂದೊಂದೇ ಪದ ಬಿಡಿಸುವುದು. ಎಪ್ಪತ್ತು ವರ್ಷದಿಂದ ಬಾಯಲ್ಲಿದ್ದ ಪದಗಳು ಅಮ್ಮನಿಗೆ ಈಗ ಅರ್ಥವಾಗತೊಡಗಿದವು. ಒಂದು ಕಡೆ ಅವಳಿಗೆ ಸಿಟ್ಟೇ ಬಂತು. "ನನ್ನದೇ ತಪ್ಪು, ನನ್ನದೇ ದೊಡ್ಡ ತಪ್ಪು ಅಂತ ನಾನು ಎದೆ ಬಡಿದುಕೊಂಡು ಹೇಳ್ತಿದ್ದದ್ದಾ? ಒಂಬತ್ತು ವರ್ಷದ ಹುಡುಗಿ ಎಂತ ದೊಡ್ಡ ತಪ್ಪು ಮಾಡಿರ್ತಾಳೆ ಮಾರಾಯ್ತಿ? ಆಗ ಗೊತ್ತಿದ್ದರೆ ಸ್ವಲ್ಪ ಮೆಲ್ಲ ಹೇಳ್ತಿದ್ದೆ."

ತಾರಾ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಳು. ನಡುವೆ 'ಚಾವಿ' ಎಂಬ ನಮ್ಮ ಪದವೂ ಲ್ಯಾಟಿನ್ನಿನ ಮೊಮ್ಮಗಳೇ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಎಂದು ಪತ್ತೆಯಾಯಿತು. "ಬಟಾಟೆ, ಪಗಾರ ಕೂಡಾ ಪೋರ್ಚುಗೀಸ್, ಅಜ್ಜಿ!" ಅಮ್ಮ ತಲೆದೂಗಿದಳು. "ಊಟ, ಸಂಬಳ, ಬೀಗದ ಕೈ. ಇನ್ನೆಂತ ಬೇಕು ಮನುಷ್ಯನಿಗೆ?"

ಗುರುವಾರ ನನಗೆ ವರ್ಕ್ ಫ್ರಮ್ ಹೋಮ್. ತಾರಾ ಶಾಲೆಯಿಂದ ಬಂದ ಹೊತ್ತು, ನಾನು ಮೀಟಿಂಗಿನಲ್ಲಿದ್ದೆ. ಕೆಳಗಿನಿಂದ ಅಮ್ಮನ ದನಿ ಕೇಳಿತು, ನಿಧಾನವಾದ ಒಂದು ರಾಗ. ನನ್ನ ಕೈ ಕೀಬೋರ್ಡಿನ ಮೇಲೇ ನಿಂತಿತು. ಅದು ನನ್ನ ಜೋಗುಳ! ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಮಲಗಿಸುತ್ತಿದ್ದದ್ದು ಇದನ್ನೇ ಹಾಡಿ. ಕ್ಯಾಮೆರಾ ಆಫ್ ಮಾಡಿ ಓಡಿ ಇಳಿದೆ. ಅಷ್ಟರಲ್ಲಿ ತಾರಾ ಅರ್ಥ ಬಿಡಿಸಿ ಮುಗಿಸಿದ್ದಳು, ಕಣ್ಣು ಅಗಲವಾಗಿದ್ದವು.

"ಮಾಮ್, ಇದು ಸತ್ತವರಿಗೆ ಹಾಡೋದು!"

ನಾನು ಅಮ್ಮನನ್ನು ನೋಡಿದೆ. ಅಮ್ಮನಿಗೆ ಕಿಂಚಿತ್ತೂ ನಾಚಿಕೆ ಇಲ್ಲ. "ಹೌದು, ಗೊತ್ತಿತ್ತು. ಅದೊಂದು ಗೊತ್ತಿತ್ತು. ರಾಗ ಒಳ್ಳೇದಿತ್ತು. ಅವರೂ ಏಳ್ಳಿಲ್ಲ, ನೀನೂ ಏಳ್ಳಿಲ್ಲ."

ಮೀಟಿಂಗಿಗೆ ನಾನು ವಾಪಸು ಹೋಗಲಿಲ್ಲ. ಮೂರು ತಲೆಮಾರು ಟೇಬಲ್ ಬಡಿದು ನಕ್ಕೆವು. ಈ ಮನೆಯಲ್ಲಿ ಹಿಂದೆಂದೂ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಶುಕ್ರವಾರ ಬಂತು. ತಾರಾ ಪರೀಕ್ಷೆ ಮುಗಿಸಿ ಬ್ಯಾಗನ್ನು ಬಾಗಿಲಲ್ಲೇ ಎಸೆದು ಅಜ್ಜಿಯನ್ನು ಹುಡುಕಿದಳು. ಬೇಕೆಂದೇ 'ಪಾಚೆಮ್' ಅಂದಳಂತೆ. ಟೀಚರ್ ತಿದ್ದಿದರಂತೆ. ಇವಳು, "ನಮ್ಮನೇಲಿ ಹೀಗೇ ಹೇಳೋದು. ಮೈ ಗ್ರ್ಯಾಂಡ್‌ಮದರ್ ಈಸ್ ಎ ನೇಟಿವ್ ಸ್ಪೀಕರ್" ಅಂದಳಂತೆ!

ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆ ಅಜ್ಜಿಯನ್ನು ಮುಂದಿನ ತಿಂಗಳು ಕ್ಲಾಸಿಗೆ ಕರೆದುಕೊಂಡು ಬಾ ಎಂದರಂತೆ. (ಮಾರ್ಕು ಎಷ್ಟು ಬಂತು ಎಂದು ನಾನು ಕೇಳಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.)

ಅಮ್ಮ ಗಾಬರಿಯಾದಳು. "ನಾನಾ? ಶಾಲೆಗಾ? ನಾನು ಏಳನೇ ಕ್ಲಾಸು!"

ತಾರಾ ತನಗೆ ಬರುವ ಕನ್ನಡವನ್ನೆಲ್ಲ ಒಟ್ಟು ಮಾಡಿ ಹೇಳಿದಳು. "ಅಜ್ಜಿ ಸೆವೆನ್. ನಾನು ಟೆನ್. ಟುಗೆದರ್ ಸೆವೆಂಟೀನ್. ಪಿಎಚ್‌ಡಿ ಆಯ್ತು."

ಗಂಟೆ ಐದಾಗಿತ್ತು. ಏರ್‌ಲೈನ್ ನೆನಪಾಯಿತು. ಫೋನ್ ಕೈಯಲ್ಲಿ ಹಿಡಿದು, ಎದೆ ಗಟ್ಟಿ ಮಾಡಿಕೊಂಡು ಕೇಳಿದೆ. "ಅಮ್ಮಾ, ಟಿಕೆಟ್ ಕನ್‌ಫರ್ಮ್ ಮಾಡ್ಲಾ?"

"ಎಂತ ಟಿಕೆಟ್?" ಅಮ್ಮ ಕನ್ನಡಕ ಹಾಕಿಕೊಂಡು ತಾರಾಳ ನೋಟ್‌ಬುಕ್ ಎಳೆದುಕೊಂಡಳು. "ಈ ಹುಡುಗಿಗೆ ಇನ್ನೂ ಷಷ್ಠಿ ಸರಿಯಾಗಿ ಬರೂದಿಲ್ಲ. ಅರ್ಧಕ್ಕೆ ಬಿಟ್ಟು ಹೋಗ್ಲಿಕ್ಕಾಗ್ತದಾ? ಇಲ್ಲ ಅಂತ ಹೇಳು ಅವರಿಗೆ. ಕ್ಲಾಸುಂಟು ಅಂತ ಹೇಳು."

ಹೇಳಿದೆ. ಹೇಳಿ, ಬಾಲ್ಕನಿಗೆ ಹೋಗಿ ಒಂದೈದು ನಿಮಿಷ ನಿಂತೆ. ಸಂತೋಷಕ್ಕೇ. ಸ್ವಲ್ಪ ನಾಚಿಕೆಗೂ.

ಎಲ್ಲರೂ ಸತ್ತಿತು ಎನ್ನುವ ಭಾಷೆಯ ನೆಪದಲ್ಲಿ ತಾರಾ ನಾಲ್ಕು ದಿನದಲ್ಲಿ ಅಜ್ಜಿಯನ್ನು ನೂರು ಪ್ರಶ್ನೆ ಕೇಳಿದಳು, ಅಮ್ಮನ ಜೊತೆ ಆಡಲು ಎರಡೆರಡು ಜೀವಂತ ಭಾಷೆ ಇಟ್ಟುಕೊಂಡ ನಾನು ಆರು ವಾರದಲ್ಲಿ ಕೇಳಿದ್ದು ಒಂದೇ: "ಮಾತ್ರೆ ತಕೊಂಡ್ಯಾ?"