ಕವರಿನ ಕಿಟಕಿಯಲ್ಲಿ ಕಂಡ ಸಾಲು

ಸಿಂಧನೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಬಂದವರ ಹೆಸರು ಬರೆದುಕೊಳ್ಳುವುದು, ರಿಪೋರ್ಟ್ ಪ್ರಿಂಟ್ ತೆಗೆಯುವುದು, ದೂರದ ಹಳ್ಳಿಯವರಿಗೆ ಅದನ್ನು ಅಂಚೆಯಲ್ಲಿ ಕಳಿಸುವುದು ನನ್ನ ಪಾಲಿನ ಕೆಲಸ. ನಮ್ಮ ಕವರುಗಳಿಗೆ ಮುಂದುಗಡೆ ಪಾರದರ್ಶಕ ಹಾಳೆಯ ಸಣ್ಣ ಕಿಟಕಿ ಇತ್ತು. ಕಾಗದವನ್ನು ಮೂರು ಮಡಿಕೆ ಮಾಡಿ ಒಳಗಿಟ್ಟರೆ ಹೆಸರು, ವಿಳಾಸ ಅದರಲ್ಲಿ ಕಾಣುತ್ತಿತ್ತು. ಕವರಿನ ಮೇಲೆ ಬೇರೆ ಬರೆಯಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಅಂಟಿಸಿಟ್ಟ ಕವರುಗಳನ್ನು ಕೈಗೆತ್ತಿಕೊಂಡಾಗ ಒಂದರೊಳಗೆ ಕಾಗದ ಸರಿಯಿತು. ವಿಳಾಸದ ಕೆಳಗಿನ ಸಾಲು ಕಿಟಕಿಗೆ ಬಂದು ನಿಂತಿತು. ಯಾವ ಪರೀಕ್ಷೆ ಎಂದು ತಿಳಿಸುವ ಸಾಲು. ಅದು ಥೈರಾಯಿಡ್‌ನದು, ಯಾರು ಓದಿದರೂ ಚಿಂತೆಯಿಲ್ಲ. ಆದರೆ ಆ ವಾರವೇ ಕಂಪ್ಯೂಟರಿನಲ್ಲಿ ರಿಪೋರ್ಟಿನ ನಮೂನೆ ಬದಲಾಗಿ ಪರೀಕ್ಷೆಯ ಹೆಸರು ಮೇಲಕ್ಕೆ ಬಂದಿತ್ತು, ಎರಡು ದಿನದ ಹಿಂದೆ ನಾನು ಸಂತೆಕಲ್ಲೂರಿಗೆ ಒಂದು ಕವರು ಹಾಕಿದ್ದೆ. ಅದರಲ್ಲಿ ವಿಳಾಸದ ಕೆಳಗೆ ಇಂಗ್ಲಿಷಿನ ಮೂರು ದಪ್ಪ ಅಕ್ಷರ ಇದ್ದವು. ಎಚ್‌ಐವಿ.

ಆ ಹೆಣ್ಣುಮಗಳ ಮುಖ ನೆನಪಿತ್ತು. ಅಂಗನವಾಡಿಯಲ್ಲಿ ಸಹಾಯಕಿ, ಮಕ್ಕಳಿಗೆ ಅಡುಗೆ ಮಾಡಿ ಬಡಿಸುವವಳು. ಪಿತ್ತಕೋಶದ ಕಲ್ಲಿಗೆ ಲಿಂಗಸುಗೂರಿನಲ್ಲಿ ಆಪರೇಷನ್ ನಿಗದಿಯಾಗಿತ್ತು. ಅದಕ್ಕೂ ಮುಂಚೆ ಎಲ್ಲರಿಗೂ ಮಾಡಿಸುವ ಪರೀಕ್ಷೆ ಇದು. ಸೀಲು ಹಾಕಿದ ಕಾಗದವೇ ಬೇಕು ಎಂದಿದ್ದರಂತೆ ಆಸ್ಪತ್ರೆಯವರು. ರೋಗ ಇಲ್ಲ ಎಂದೇ ಫಲಿತಾಂಶ ಬಂದಿತ್ತು. ಆದರೆ ಅದು ಇದ್ದದ್ದು ಕೆಳಗಿನ ಮಡಿಕೆಯಲ್ಲಿ. ಕಿಟಕಿಯಲ್ಲಿ ಕಾಣುವುದು ರೋಗದ ಹೆಸರು ಮಾತ್ರ.

ನಾನು ಹುಟ್ಟಿ ಬೆಳೆದ ಲಿಂಗಸುಗೂರಿನಲ್ಲಿ ನಮ್ಮ ಓಣಿಯ ದರ್ಜಿಯೊಬ್ಬನ ಮೇಲೆ ಇದೇ ರೋಗದ ಸುದ್ದಿ ಹಬ್ಬಿತ್ತು. ನಿಜವೋ ಸುಳ್ಳೋ ಯಾರೂ ವಿಚಾರಿಸಲಿಲ್ಲ. ಬಟ್ಟೆ ಕೊಡುವುದನ್ನು ಬಿಟ್ಟರು, ಅಷ್ಟೇ. ಇವಳು ಮಕ್ಕಳಿಗೆ ಕೈಯಾರೆ ಉಣ್ಣಿಸುವವಳು.

ಮಾಲೀಕರಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿದೆ. ರಿಪೋರ್ಟಿನ ಇನ್ನೊಂದು ಪ್ರತಿ ತೆಗೆದು ಸೀಲು ಹಾಕಿ, ಕಿಟಕಿಯಿಲ್ಲದ ದಪ್ಪ ಕವರಿನಲ್ಲಿಟ್ಟುಕೊಂಡು ಮಸ್ಕಿ ಬಸ್ಸು ಹತ್ತಿದೆ. ಗದ್ದೆಗಳು ಮುಗಿದು ಜೋಳದ ಹೊಲ ಶುರುವಾದದ್ದೂ ಗಮನಕ್ಕೆ ಬರಲಿಲ್ಲ. ಮಸ್ಕಿಯ ಅಂಚೆ ಕಚೇರಿಯಲ್ಲಿ ಸಂತೆಕಲ್ಲೂರಿನ ಚೀಲ ಆಗಲೇ ಹೋಯಿತು ಎಂದರು. ಶೇರ್ ಆಟೋ ಹಿಡಿದೆ. ಎದುರಿಗೆ ಕೂತಿದ್ದ ಹೆಂಗಸರಿಬ್ಬರು ಪಿಸುಮಾತಾಡಿದಾಗಲೆಲ್ಲ ಅದೇ ಮಾತು ಎನಿಸುತ್ತಿತ್ತು.

ಪೋಸ್ಟ್‌ಮ್ಯಾನ್ ಸಂತೆಕಲ್ಲೂರಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ಸಿಕ್ಕ. ವಿಚಾರಿಸುವುದೇ ಸುದ್ದಿಯಾದೀತೆಂದು ಹೆದರುತ್ತ, ಅವಳ ಹೆಸರು ಹೇಳಿ, ಲ್ಯಾಬಿನ ಕವರು ಬಂತೇ ಎಂದಷ್ಟೇ ಕೇಳಿದೆ. ಅರ್ಧ ತಾಸಿನ ಹಿಂದೆ ಅವಳ ಅತ್ತೆಯ ಕೈಗೆ ಕೊಟ್ಟೆ ಎಂದ. ಅವನ ಮುಖ ನೋಡಿದೆ. ಓದಿದ್ದಾನೋ ಇಲ್ಲವೋ ತಿಳಿಯಲಿಲ್ಲ.

ಮನೆ ಮುಂದಿನ ಕಟ್ಟೆಯ ಮೇಲೆ ಅತ್ತೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ನೆರೆಮನೆಯ ಕಾಲೇಜು ಹುಡುಗಿ ಕೂತಿದ್ದಳು. ಕವರು ಆ ಹುಡುಗಿಯ ಕೈಯಲ್ಲಿತ್ತು. ಇನ್ನೂ ಒಡೆದಿರಲಿಲ್ಲ. ಕಟ್ಟೆಯ ಹತ್ತಿರ ಹೋದೆ.

"ಬಾ ತಂಗಿ, ಕುಂದ್ರು," ಎಂದಳು ಮುದುಕಿ. "ಇದರಾಗ ಏನ್ ಬರದೈತಿ ಓದವ್ವಾ ಅಂತ ಈಕಿಗಿ ಕೇಳಿದ್ರ, ಬರೇ ಅಡ್ರೆಸ್ ಐತಿ ಅಂತಾಳ."

ಲ್ಯಾಬಿನಿಂದ ಬಂದಿದ್ದೇನೆ, ಬೇರೆಯವರ ರಿಪೋರ್ಟು ತಪ್ಪಿ ಇದರೊಳಗೆ ಬಂದಿದೆ, ಸರಿಯಾದದ್ದು ತಂದಿದ್ದೇನೆ ಎಂದೆ. ಆ ದಿನದ ಎರಡನೇ ಸುಳ್ಳು. ಹುಡುಗಿ ಕವರನ್ನು ಬೋರಲು ಮಾಡಿ ನನ್ನ ಕೈಗಿಟ್ಟಳು. ಸೊಸೆಯ ಕೈಗೇ ಕೊಟ್ಟು ಸಹಿ ಮಾಡಿಸಿಕೊಳ್ಳಬೇಕು ಎಂದಾಗ ಮುದುಕಿ ಅಂಗನವಾಡಿಯ ದಾರಿ ತೋರಿಸಲು ಆ ಹುಡುಗಿಯನ್ನೇ ಕಳಿಸಿದಳು.

ಓಣಿ ತಿರುಗಿದ ಮೇಲೆ ಹುಡುಗಿ ನಿಂತಳು. "ಅಕ್ಕಾ, ನಾ ಓದೀನಿ. ಅಜ್ಜಿಗಿ ಹೇಳಿಲ್ಲ."

ಅವಳಿಗೆ ಏನು ಹೇಳಲಿ? ಫಲಿತಾಂಶ ಹೇಳುವ ಹಕ್ಕು ನನಗಿಲ್ಲ. ಹೇಳದಿದ್ದರೆ ಇವಳ ತಲೆಯಲ್ಲಿ ಅನುಮಾನ ಉಳಿಯುತ್ತದೆ. ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಈ ಪರೀಕ್ಷೆ ಮಾಡುತ್ತಾರೆ, ನನಗೆ ಮಾಡಿದರೂ ಕಾಗದದ ಮೇಲೆ ಇದೇ ಬರುತ್ತದೆ ಎಂದೆ. ತಲೆಯಾಡಿಸಿದಳು. ನಂಬಿದಳೋ ಇಲ್ಲವೋ.

ಅಂಗನವಾಡಿಯಲ್ಲಿ ಮಕ್ಕಳು ಉಣ್ಣುತ್ತಿದ್ದವು. ಸಹಾಯಕಿಯನ್ನು ಹೊರಗೆ ಕರೆದು ಎರಡೂ ಕವರು ಕೊಟ್ಟೆ, ನನ್ನ ತಪ್ಪನ್ನು ಹೇಳಿದೆ. ಅವಳು ಕವರಿನ ಕಿಟಕಿಯನ್ನು ನೋಡಿದಳು. ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಆ ಮೂರಕ್ಷರ ಆರೋಗ್ಯ ಇಲಾಖೆಯ ಪೋಸ್ಟರಿನಲ್ಲಿ ನೋಡಿದ್ದಳು. ಯಾರು ಯಾರು ಕಂಡಿದ್ದಾರೆ ಎಂದು ಕೇಳಿದಳು. ಹುಡುಗಿಯ ವಿಷಯ ಮುಚ್ಚಿಡಲಿಲ್ಲ. ಪೋಸ್ಟ್‌ಮ್ಯಾನ್ ಓದಿದ್ದಾನೋ ಇಲ್ಲವೋ ಗೊತ್ತಿಲ್ಲ ಎಂದೆ. ರಿಪೋರ್ಟಿನಲ್ಲಿ ಏನೂ ಇಲ್ಲ ಎಂದು ಬೆರಳಿಟ್ಟು ತೋರಿಸಿದೆ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಲ್ಲ ಅನ್ನೂದು ಒಳಗ ಮಡಚಿಟ್ರಿ. ರೋಗದ ಹೆಸರು ಊರಿಗೆಲ್ಲಾ ತೋರಿಸಿದ್ರಿ," ಎಂದಳು. ದನಿ ಏರಿಸಲಿಲ್ಲ. ಒಳಗಿನಿಂದ ಮಗುವೊಂದು ನೀರು ಕೇಳಿತು, ಅವಳು ಹೋದಳು.

ಮರುದಿನ ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡೆ. ಬೈದರು, ಕೆಲಸದಿಂದ ತೆಗೆಯಲಿಲ್ಲ. ಉಳಿದ ಕಿಟಕಿ ಕವರುಗಳನ್ನು ಹರಿದು ಹಾಕಿಸಿದರು. ಅಂದಿನಿಂದ ವಿಳಾಸವನ್ನು ನಾನೇ ಕೈಯಲ್ಲಿ ಬರೆಯುತ್ತೇನೆ.

ಆಪರೇಷನ್ ಆಗಿ ಮೂರು ತಿಂಗಳಿಗೆ ಅವಳು ಮತ್ತೊಂದು ಪರೀಕ್ಷೆಗೆ ಬಂದಳು. ಸಾಯಂಕಾಲದವರೆಗೆ ಬೆಂಚಿನ ಮೇಲೆ ಕಾದು ರಿಪೋರ್ಟನ್ನು ಕೈಯಲ್ಲೇ ಒಯ್ದಳು. ಕೆಲಸ ಹೇಗಿದೆ ಎಂದು ಅಂಜುತ್ತಲೇ ಕೇಳಿದೆ. ನಡೆದಿದೆ ಎಂದಳು. ಒಬ್ಬ ತಾಯಿ ಮಾತ್ರ ಹದಿನೈದು ದಿನ ಮಗುವನ್ನು ಕಳಿಸಲಿಲ್ಲವಂತೆ, ಜ್ವರ ಅಂದಳಂತೆ. ಆಮೇಲೆ ಮಗು ಬಂತು. ನಿಜಕ್ಕೂ ಜ್ವರವಿತ್ತೋ ಏನೋ, ಕೇಳಲು ಅವಳಿಗೆ ಧೈರ್ಯವಾಗಲಿಲ್ಲ.